ಮಾಸ್ತರ್ ಕಾಕಾ, ಯಾದಿ ಇನ್ನೂ ಪೂರ್ತಿ ಆಗಿಲ್ಲ



ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರ ತಿಳಿಸುವುದು ಎಂದು ಹಳೇ ಪದ್ಧತಿಯಂತೆ ಶುರು ಮಾಡಬಹುದಿತ್ತು. ಆದರೆ ಲಕೋಟೆಯ ಮೇಲೆ ಯಾವ ಊರು ಬರೆಯಲಿ? ಔರಾದ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯವನ ಪ್ರಕಾರ ನೀವು ದೇಗಲೂರಿನಲ್ಲಿ ಮಗಳ ಮನೆಯಲ್ಲಿದ್ದೀರಿ. ಹಣ್ಣಿನ ಗಾಡಿಯವನ ಪ್ರಕಾರ ಹೈದರಾಬಾದಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೀರಿ. ಮತ್ತೊಬ್ಬನಂತೂ ನೀವು ತೀರಿಹೋದಿರೆಂದೇ ಹೇಳಿದ. ಮಣ್ಣಿಗೆ ಯಾರ್ಯಾರು ಹೋಗಿದ್ದರಪ್ಪಾ ಎಂದು ಕೇಳಿದೆ, ತಡವರಿಸಿದ. ಹಾಗಾಗಿ ನೀವು ಇದ್ದೀರೆಂದೇ ಇಟ್ಟುಕೊಂಡು ಎಲ್ಲರೂ ಓದುವ ಜಾಗದಲ್ಲಿ ಈ ಪತ್ರ ಹಾಕುತ್ತಿದ್ದೇನೆ. ಕನ್ನಡ ಬಲ್ಲವರು ಯಾರಾದರೂ ನಿಮಗೆ ಓದಿ ಹೇಳಿಯಾರು.

ನಿಮ್ಮ ಬ್ಯಾಂಡ್ ಪಾರ್ಟಿಯದೊಂದು ಯಾದಿ ಮಾಡುತ್ತಿದ್ದೇನೆ. ಯಾರು ಯಾವ ಬಾಜಾ ಹಿಡಿದಿದ್ದರು, ಯಾರು ಬಿಟ್ಟ ಮೇಲೆ ಯಾರು ಬಂದರು, ಯಾವ ಲಗ್ನಸರಾಯಿಯಲ್ಲಿ ಯಾರಿದ್ದರು ಎಲ್ಲ. ಹೊಲಮನಿ ಕೆಲಸ ಬಿಟ್ಟು ಇದೆಂಥ ಹುಚ್ಚು ಅನ್ನಬೇಡಿ. ಹುಚ್ಚು ಹತ್ತಿಸಿದವನು ಪುಣೆಯಲ್ಲಿರುವ ನಮ್ಮ ಅಕ್ಕನ ಮಗ. ಅವನಿಗೆ ಸೈಕೊಬಿಲಿ ಎಂಬ ಸಂಗೀತದ ಗೀಳು.

ಹೆಸರು ಕೇಳಿ ಹೆದರಬೇಡಿ. ಅಮೆರಿಕದಲ್ಲಿ 1950ರ ದಶಕದಲ್ಲಿ ಹಳ್ಳಿ ಮಂದಿಯ ಕಂಟ್ರಿ ಹಾಡು, ಕರಿಯ ಜನರ ರಿದಮ್ ಅಂಡ್ ಬ್ಲೂಸ್ ಎರಡೂ ಕೂಡಿ ರಾಕಬಿಲಿ ಅಂತಾಯಿತು. ಎಲ್ವಿಸ್ ಪ್ರೆಸ್ಲಿ ಮೊದಮೊದಲು ಹಾಡಿದ್ದು ಅದನ್ನೇ. ಮುಂದೆ 1970ರ ದಶಕದ ಕೊನೆಗೆ ಇಂಗ್ಲೆಂಡಿನ ಹುಡುಗರು ಪಂಕ್ ಎಂದು ಗಂಟಲು ಹರಿದುಕೊಳ್ಳತೊಡಗಿದರು. ಆ ಸಿಟ್ಟನ್ನೂ ಆ ಓಟವನ್ನೂ ರಾಕಬಿಲಿಗೆ ಹಚ್ಚಿ, ಮೇಲೆ ದೆವ್ವ ಪಿಶಾಚಿ ಸಿನಿಮಾದ ವೇಷ ಹಾಕಿದರೆ ಸೈಕೊಬಿಲಿ. ಅದರಲ್ಲಿ ಮುಖ್ಯ ಬಾಜಾ ಡಬಲ್ ಬಾಸ್, ಆಳೆತ್ತರದ ಪಿಟೀಲು. ಬಿಲ್ಲು ಬದಿಗಿಟ್ಟು, ತಂತಿಯನ್ನು ಜಗ್ಗಿ ಜಗ್ಗಿ ಬಿಟ್ಟು, ಅಂಗೈಯಿಂದ ಬಡಿಯುತ್ತಾರೆ. ಅಕ್ಕನ ಮಗ ಮೊಬೈಲಿನಲ್ಲಿ ಅದನ್ನು ಹಚ್ಚಿದಾಗ ನನಗೆ ಕೇಳಿಸಿದ್ದು ನಮ್ಮ ಹಲಗಿ. ಅದೇ ಚಟಚಟ, ಅದೇ ಮೈಮೇಲೆ ಬಂದಂಥ ಹೊಡೆತ.

ಸೈಕೊಬಿಲಿ ಅನ್ನುವ ಶಬ್ದ 1976ರಲ್ಲಿ ಜಾನಿ ಕ್ಯಾಶ್ ಹಾಡಿದ ಒಂದು ಹಾಡಿನಲ್ಲಿ ಬರುತ್ತದೆಯಂತೆ. ಕಾರಿನ ಕಾರ್ಖಾನೆಯ ಆಳೊಬ್ಬ ವರ್ಷಾನುಗಟ್ಟಲೆ ಒಂದೊಂದೇ ಭಾಗ ಕದ್ದು ತಂದು ಮನೆಯಲ್ಲಿ ಕ್ಯಾಡಿಲಾಕ್ ಜೋಡಿಸುತ್ತಾನೆ. ಇಂಜಿನ್ನು ಒಂದು ವರ್ಷದ್ದು, ಗೇರುಪೆಟ್ಟಿಗೆ ಇನ್ನೊಂದು ವರ್ಷದ್ದು, ಒಂದಕ್ಕೊಂದು ಕೂಡುವುದಿಲ್ಲ. ಆದರೂ ಗಾಡಿ ರಸ್ತೆಗಿಳಿಯುತ್ತದೆ. ನಿಮ್ಮ ಪಾರ್ಟಿಯ ಚರಿತ್ರೆ ಬರೆಯುವವನು ಈ ಹಾಡಿನಿಂದಲೇ ಶುರು ಮಾಡಬೇಕು ಅನ್ನಿಸಿತು.

ಈ ಸಂಗೀತದ ಮೂಲಪುರುಷರೆಂದು ಹೇಳಿಕೊಳ್ಳುವವರು ದ ಮೀಟಿಯರ್ಸ್. 1980ರಲ್ಲಿ ಲಂಡನ್ನಿನಲ್ಲಿ ಮೂವರು ಕೂಡಿ ಕಟ್ಟಿದ್ದು: ಗಿಟಾರಿಗೆ ಪಿ. ಪಾಲ್ ಫೆನೆಕ್, ಡಬಲ್ ಬಾಸಿಗೆ ನೈಜೆಲ್ ಲೂಯಿಸ್, ಡ್ರಮ್ಮಿಗೆ ಮಾರ್ಕ್ ರಾಬರ್ಟ್ಸನ್. ಮರುವರ್ಷ ಮೊದಲ ಆಲ್ಬಮ್ ಬಂತು. ಆಮೇಲೆ ಒಡಕು. ಲೂಯಿಸ್ ಬಿಟ್ಟುಹೋದ, ರಾಬರ್ಟ್ಸನ್ ಬಿಟ್ಟುಹೋದ. ಅಲ್ಲಿಂದ ಮುಂದೆ ಬಾಸಿನವರು, ಡ್ರಮ್ಮಿನವರು ಬಂದರು, ಹೋದರು. ಫೆನೆಕ್ ಒಬ್ಬನೇ ಖಾಯಂ. ಅಭಿಮಾನಿಗಳು ಮಾತ್ರ ಯಾವ ರೆಕಾರ್ಡಿನಲ್ಲಿ ಯಾರ ಬಾಸು, ಯಾವ ಪ್ರವಾಸದಲ್ಲಿ ಯಾರ ಡ್ರಮ್ಮು ಎಂದು ಪಾಠ ಒಪ್ಪಿಸಿದಂತೆ ಹೇಳುತ್ತಾರೆ. ಬೆಂಗಳೂರಿನಲ್ಲೂ ಹಾಗೇ. 1996ರಿಂದ ಬಾರಿಸುತ್ತಿರುವ ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ಬ್ಯಾಂಡಿನಲ್ಲಿ ಬ್ರೂಸ್ ಲೀ ಮಣಿ ಜೊತೆ ಯಾವಾಗ ಯಾರಿದ್ದರು ಎಂದು ಕೇಳಿದರೆ ಹೇಳುವವರಿದ್ದಾರೆ. ಔರಾದ, ಸಂತಪೂರ, ಕಮಲನಗರ, ಭಾಲ್ಕಿ ಅಂತ ನಾಲ್ಕು ದಿಕ್ಕಿನ ಲಗ್ನ ಬಾರಿಸಿದ ನಿಮ್ಮ ಪಾರ್ಟಿಯಲ್ಲಿ ಟ್ರಂಪೆಟ್ ಯಾರದು ಎಂದು ಕೇಳಿದರೆ ‘ಅಂವಾ ಒಬ್ಬ ಇದ್ದ ನೋಡ್ರಿ, ತೆಳ್ಳನ್ನವ’ ಅನ್ನುತ್ತಾರೆ. ತೆಳ್ಳಗಿನವರು ಕನಿಷ್ಠ ಮೂವರಿದ್ದರು, ಅದು ನನಗೇ ಗೊತ್ತು.

ನಿಮ್ಮ ಉಸ್ತಾದರು ನಿಜಾಮನ ಫೌಜಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು ಎಂದು ನೀವು ಹೇಳುತ್ತಿದ್ದಿರಿ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ಫೌಜು ಚದುರಿದಾಗ ಅವರು ಬಾಜಾ ಕಂಕುಳಲ್ಲಿ ಹಿಡಿದುಕೊಂಡು ಊರಿಗೆ ಬಂದರಂತೆ. ಈ ದೇಶದ ಲಗ್ನದ ಬ್ಯಾಂಡುಗಳ ಹುಟ್ಟು ಬಹುಮಟ್ಟಿಗೆ ಹೀಗೇ. ಇಂಗ್ಲಿಷರ ಪಲ್ಟನ್ನುಗಳು, ಅವರನ್ನು ನೋಡಿ ಬ್ಯಾಂಡು ಇಟ್ಟುಕೊಂಡ ರಾಜರು ನವಾಬರು, ಅಲ್ಲಿಂದ ಹೊರಬಿದ್ದ ಬಾಜಾದವರು, ಅವರ ಕೈಯಲ್ಲಿ ಕಲಿತ ಓಣಿಯ ಹುಡುಗರು. ಮೀರತ್ತಿನಲ್ಲಿ ನಾದಿರ್ ಅಲಿ ಅಂಡ್ ಕಂಪನಿ 1885ರಷ್ಟು ಹಿಂದೆಯೇ ಹುಟ್ಟಿ, ಮುಂದೆ ದೇಶಕ್ಕೆಲ್ಲ ಹಿತ್ತಾಳೆಯ ಬಾಜಾ ಮಾಡಿ ಕಳಿಸತೊಡಗಿತು. ಮೈಸೂರಿನ ಅರಮನೆ ಬ್ಯಾಂಡಿಗೆ ಬೇರೆ ಅದೃಷ್ಟ. ಅರಸರು ಹೋದ ಮೇಲೆ ಅದು ಪೊಲೀಸ್ ಬ್ಯಾಂಡಾಗಿ ಪಗಾರ, ಪಿಂಚಣಿ ಎರಡನ್ನೂ ಕಂಡಿತು, ಈಗಲೂ ದಸರೆಯಲ್ಲಿ ನುಡಿಸುತ್ತದೆ. ಕಲ್ಯಾಣದ ಈ ಮೂಲೆಯಲ್ಲಿ ಚದುರಿದ ಬಾಜಾದವರಿಗೆ ಲಗ್ನದ ಮನೆಯೇ ಸರಕಾರ.

ಉಸ್ತಾದರು ನಿಮ್ಮ ಓಣಿಯ ಹುಡುಗರನ್ನೇ ಕೂಡಿಸಿಕೊಂಡದ್ದು ಯಾಕೆ ಅನ್ನುವುದು ಬಿಡಿಸಿ ಹೇಳಬೇಕಾದ ಮಾತಲ್ಲ. ತಾಳ ಇದ್ದದ್ದು ಅಲ್ಲೇ. ಹಲಗಿ, ಸನಾದಿ, ಸಂಬಾಳ ಹಿಡಿದ ಮನೆತನಗಳು ಅಲ್ಲೇ. ಆದರೆ ಹಲಗಿ ಬಾರಿಸುವುದು ಕೆಲಸವಾಗಿರಲಿಲ್ಲ, ಹೊರೆಯಾಗಿತ್ತು. ಊರಲ್ಲಿ ಸಾವಾದರೆ ಹೋಗಬೇಕು, ಜಾತ್ರೆಯಾದರೆ ಹೋಗಬೇಕು, ಡಂಗುರಕ್ಕೆ ಹೋಗಬೇಕು. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಕೊಟ್ಟಷ್ಟು ಜೋಳ ಇಸಿದುಕೊಳ್ಳಬೇಕು. ಬ್ಯಾಂಡಿನಲ್ಲಿ ಹಾಗಿಲ್ಲ. ಸುಪಾರಿ ಹಿಡಿಯುವಾಗ ಎದುರು ಕೂತು ಮಾತಾಡಬೇಕು, ಇಸಾರು ತೊಗೊಳ್ಳಬೇಕು, ಉಳಿದದ್ದು ಮೆರವಣಿಗೆ ಮುಗಿಯುವ ಮುಂಚೆ ಕೈಗೆ ಬರಬೇಕು. ಮೈಮೇಲೆ ಕೆಂಪು ಕೋಟು, ಭುಜಕ್ಕೆ ಜರಿಯ ಕುಚ್ಚು, ತಲೆಗೆ ಟೋಪಿ. ಆ ಕೋಟು ನೋಡಿ ನಗುವವರಿದ್ದರು; ಹರಿದ ಚಪ್ಪಲಿಯ ಮೇಲೆ ಜನರಲ್‌ನ ಕೋಟು ಎಂದು ನಾನೂ ಕೇಳಿದ್ದೇನೆ. ಹಲಗಿ ಕೆಳಗಿಟ್ಟು ಆ ಕೋಟು ತೊಟ್ಟವನಿಗೆ ಅದು ಎಷ್ಟು ದೂರದ ಪ್ರಯಾಣ ಎಂದು ನಕ್ಕವರಿಗೆ ತಿಳಿಯುವ ಹಾಗಿರಲಿಲ್ಲ. ‘ಸತ್ತವರ ಮುಂದ ನಾವು ಬಾರ್ಸೂದಿಲ್ಲ, ಅದು ಬಿಟ್ಟು ಮಾತಾಡ್ರಿ’ ಎಂದು ನೀವು ಗೌಡರ ಮನೆಯವರಿಗೇ ಹೇಳಿದ್ದು ಓಣಿಯಲ್ಲಿ ಬಹಳ ದಿನ ಸುದ್ದಿಯಾಗಿತ್ತಂತೆ.

ಯಾದಿಯ ಮೊದಲ ಪುಟ ಹೀಗಿದೆ, ತಪ್ಪಿದ್ದರೆ ತಿದ್ದಿ. ಕ್ಲಾರಿನೆಟ್: ನೀವು. ಟ್ರಂಪೆಟ್ ಎರಡು. ಬಾಸ್ ಎಂದು ನೀವೆಲ್ಲ ಕರೆಯುತ್ತಿದ್ದ ಯುಫೋನಿಯಮ್ ಒಂದು. ಸೈಡ್ ಡ್ರಮ್ ಎರಡು, ದೊಡ್ಡ ಢೋಲು ಒಂದು, ಝಾಂಜು ಒಂದು, ಖುಳಖುಳಾ ಆಡಿಸಲು ಮೀಸೆ ಬರದ ಒಬ್ಬ ಹುಡುಗ. ಹಿಂದೆ ತಲೆಯ ಮೇಲೆ ಗ್ಯಾಸಬತ್ತಿ ಹೊತ್ತ ಹೆಣ್ಣುಮಕ್ಕಳು. ಅವರನ್ನು ಯಾರೂ ಪಾರ್ಟಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಹಿಡಿಯುತ್ತಿದ್ದೇನೆ.

ನಿಮ್ಮ ಕ್ಲಾರಿನೆಟ್ಟಿನ ಬಗ್ಗೆ ಎರಡು ಮಾತು ಹೆಚ್ಚು ಬರೆಯಬೇಕು. ಕೆಳಗಿನ ಎರಡು ಕೀಲಿಗಳಿಗೆ ಸ್ಪ್ರಿಂಗಿನ ಬದಲು ರಬ್ಬರ್ ಬ್ಯಾಂಡ್ ಸುತ್ತಿರುತ್ತಿತ್ತು. ಊದುವ ತುದಿಗೆ ಕಟ್ಟುವ ಜೊಂಡಿನ ರೀಡನ್ನು ನೀವು ಬೆಂಕಿಪೆಟ್ಟಿಗೆಯಲ್ಲಿ ಇಡುತ್ತಿದ್ದಿರಿ, ಒಂದರ ಮೇಲೊಂದು, ನಡುವೆ ಕಾಗದದ ಚೂರು. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿಗೆ ಅದು ಒಣಗಿ ಸೊಟ್ಟಗಾಗುತ್ತದೆ, ಸೊಟ್ಟಗಾದರೆ ಸ್ವರ ಕೀರಲು ಬೀಳುತ್ತದೆ. ಅದಕ್ಕೇ ಮೆರವಣಿಗೆಗೆ ಮುಂಚೆ ಮಾತು ನಿಲ್ಲಿಸಿ ಅರ್ಧ ತಾಸು ಬಾಯಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಿರಿ. ಮದುಮಗನ ಕಡೆಯವರು ಬಂದು ‘ಏನ್ರಿ ಮಾಸ್ತರ್, ಚಾಲೂ ಮಾಡ್ರಿ’ ಎಂದರೆ ಕೈಯಿಂದಲೇ ತಡೆಯಿರಿ ಅನ್ನುವುದು. ರೀಡು ದಪ್ಪವಾಗಿದ್ದರೆ ಒಡೆದ ಗಾಜಿನ ಚೂರಿನಿಂದ ಅದರ ತುದಿ ಕೆರೆಯುವುದು, ದೀಪಕ್ಕೆ ಅಡ್ಡ ಹಿಡಿದು ನೋಡುವುದು, ಮತ್ತೆ ಕೆರೆಯುವುದು. ಅಷ್ಟಾದ ಮೇಲೆ ಒಂದು ಉದ್ದನೆಯ ಸ್ವರ. ಅದಕ್ಕೆ ಢೋಲಿನವ ಬೀಡಿ ಆರಿಸಿ ಏಳುತ್ತಿದ್ದ.

ನಿಮ್ಮ ಸುಪಾರಿಯ ಹದ್ದು ಯಾವುದು ಎಂದು ನಕಾಶೆಯಲ್ಲಿ ಗೆರೆ ಎಳೆದು ನೋಡಿದೆ. 1956ರ ನವೆಂಬರ್ 1ರ ತನಕ ಇದ್ದ ಹಳೇ ಬೀದರ್ ಜಿಲ್ಲೆ ಸಿಕ್ಕಿತು! ಆವತ್ತು ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ನಮ್ಮ ಔರಾದ ಸೀಮೆ ಮೈಸೂರು ರಾಜ್ಯಕ್ಕೆ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ. ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ. ಸರಕಾರಗಳು ಪಾಲು ಮಾಡಿಕೊಂಡವು, ಬೀಗರು ಮಾಡಿಕೊಳ್ಳಲಿಲ್ಲ. ಹೆಣ್ಣು ಉದಗೀರದ್ದು, ಗಂಡು ಸಂತಪೂರದವನು, ಬ್ಯಾಂಡು ಔರಾದದ್ದು. ಹೀಗಾಗಿ ನಿಮ್ಮವರಿಗೆ ಒಂದೇ ರಾತ್ರಿಯಲ್ಲಿ ನಾಲ್ಕು ಭಾಷೆಯ ಹಾಡು ಬರಬೇಕಿತ್ತು. ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನಾಡು ಇದು. ನಿಮ್ಮ ಬೋರ್ಡಿನ ಮೇಲೆ ಕನ್ನಡ, ಮರಾಠಿ, ಉರ್ದು ಮೂರೂ ಇದ್ದವು, ಮೂರರಲ್ಲೂ ಕಾಗುಣಿತ ತಪ್ಪಿತ್ತು.

ಹಾಡುಗಳ ಯಾದಿ ಬೇರೆ ಮಾಡಬೇಕು. ಮದುಮಗ ಕುದುರೆ ಏರುವಾಗ ರಫಿ ಹಾಡಿದ ‘ಸೂರಜ್’ ಸಿನಿಮಾದ್ದು, ಹೆಣ್ಣು ಕಳಿಸುವಾಗ ‘ನೀಲ್ ಕಮಲ್’ದ್ದು. ‘ಆದ್ಮಿ ಸಡಕ್ ಕಾ’ 1977ರಲ್ಲಿ ಬಂದ ಮೇಲೆ ಗೆಳೆಯರು ಕುಣಿಯಲು ಅದರದ್ದೇ. ಮರಾಠಿ ಮನೆಗಳಲ್ಲಿ ‘ಪಿಂಜರಾ’, ಕನ್ನಡ ಮನೆಗಳಲ್ಲಿ ‘ಬಂಗಾರದ ಮನುಷ್ಯ’, ಎರಡೂ 1972ರವು. ಬಿಸ್ಮಿಲ್ಲಾ ಖಾನ್ ಅವರೇ ಶಹನಾಯಿ ನುಡಿಸಿದ ‘ಸನಾದಿ ಅಪ್ಪಣ್ಣ’ ಬಂದಾಗ ನೀವು ಬೀದರಿಗೆ ಹೋಗಿ ಮತ್ತೆ ಮತ್ತೆ ನೋಡಿ ಬಂದಿರಂತೆ. ಆದರೂ ಇವೆಲ್ಲಕ್ಕಿಂತ ಮೇಲೆ ನಾಗಿನ್. 1954ರ ಆ ಸಿನಿಮಾದ ಪುಂಗಿ, ಪುಂಗಿಯೇ ಅಲ್ಲ. ಹೇಮಂತ್ ಕುಮಾರ್ ಸಂಗೀತದಲ್ಲಿ ಕಲ್ಯಾಣ್‌ಜೀ ಅವರು ಕ್ಲೇವಿಯೊಲಿನ್ ಎಂಬ ವಿದ್ಯುತ್ತಿನ ಬಾಜಾದಲ್ಲಿ ನುಡಿಸಿದ್ದು. ಇಲ್ಲದ ಪುಂಗಿಯನ್ನು ಅವರು ಕರೆಂಟಿನಿಂದ ಹುಟ್ಟಿಸಿದರು. ಕರೆಂಟಿಲ್ಲದ ನಮ್ಮ ಹಳ್ಳಿಗಳಲ್ಲಿ ನೀವು ಅದನ್ನು ಮರದ ಕೊಳವೆಯಲ್ಲಿ ಹುಟ್ಟಿಸಿದಿರಿ. ಬಾಯಲ್ಲಿ ಕರವಸ್ತ್ರ ಕಚ್ಚಿಕೊಂಡು ಧೂಳಿನಲ್ಲಿ ಹೊರಳುವ ಹಾವುಗಳಿಗೆ ಅದರ ಗೊಡವೆ ಇರಲಿಲ್ಲ.

ಇನ್ನು ಬಿಟ್ಟುಹೋದವರ ಪುಟ.

ಮೊದಲ ಟ್ರಂಪೆಟ್ಟಿನವ ಸರಕಾರಿ ಆಫೀಸಿನಲ್ಲಿ ಜವಾನನಾಗಿ ಸೇರಿ ಬಿಟ್ಟ. ಆ ದಿನ ನೀವು ಪೇಡಾ ಹಂಚಿದಿರಂತೆ, ರಾತ್ರಿ ಸುಪಾರಿಗೆ ಒಂದೇ ಟ್ರಂಪೆಟ್ ಇಟ್ಟುಕೊಂಡು ಹೋದಿರಂತೆ. ಅವನ ಜಾಗಕ್ಕೆ ಉದಗೀರದ ಮುಸಲ್ಮಾನ ಬಂದ, ದಖನಿ ಬಿಟ್ಟು ಬೇರೆ ಮಾತಾಡದವನು. ಪಾರ್ಟಿಯಲ್ಲಿ ಅವನಂಥ ಊದುಗಾರ ಮತ್ತೆ ಬರಲಿಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಅವನದು ಹಲ್ಲಿನಿಂದ ಮುಗಿಯಿತು. ಮುಂದಿನ ಎರಡು ಹಲ್ಲು ಹೋದ ಮೇಲೆ ತುಟಿ ಒತ್ತಲು ಆಸರೆ ಇಲ್ಲ, ಮೇಲಿನ ಸ್ವರ ಹತ್ತುವುದಿಲ್ಲ. ಕಟ್ಟಿಸಿದ ಹಲ್ಲು ಹಾಕಿಕೊಂಡು ಒಂದು ಲಗ್ನಸರಾಯಿ ನೂಕಿದ, ಆಮೇಲೆ ಸೈಕಲ್ ಪಂಚರ್ ಅಂಗಡಿ ಇಟ್ಟ. ಬಾಸಿನವ ಕಬ್ಬು ಕಡಿಯುವ ಟೋಳಿಯ ಜೊತೆ ಹೋದವನು ಬರಲೇ ಇಲ್ಲ. ಬಾಸು ಗೋಡೆಗೆ ನೇತಾಡಿತು. ಬಾಸಿಲ್ಲದ ಬ್ಯಾಂಡು ಹೆಂಗ್ರಿ ಎಂದು ನಾನು ಕೇಳಿದ್ದಕ್ಕೆ ‘ಢೋಲ್ ಅದಲ್ಲ’ ಅಂದಿರಿ. ಅಮೆರಿಕದಲ್ಲಿ ದ ಕ್ರಾಂಪ್ಸ್ ಎಂಬ ಬ್ಯಾಂಡು ಶುರುವಿನ ಎಷ್ಟೋ ವರ್ಷ ಬಾಸ್ ಇಲ್ಲದೆ ಎರಡು ಗಿಟಾರಿನ ಮೇಲೇ ನಡೆಸಿತ್ತಂತೆ. ಅಕ್ಕನ ಮಗ ಇದನ್ನು ದೊಡ್ಡ ಕ್ರಾಂತಿಯೆಂಬಂತೆ ಹೇಳಿದ. ನಮ್ಮಲ್ಲಿ ಅದು ಕಬ್ಬಿನ ಹಂಗಾಮು.

1990ರ ದಶಕದಲ್ಲಿ ಕ್ಯಾಸಿಯೊ ಬಂತು, ಅದರ ಬೆನ್ನಿಗೆ ಬ್ಯಾಂಜೊ. ನನ್ನ ಕೇಳಿದರೆ ನಿಮ್ಮ ಪಾರ್ಟಿಯ ಅತಿ ಹುಚ್ಚು ಕಾಲ ಅದೇ, ಮತ್ತು ನನಗೆ ಅತಿ ಪ್ರೀತಿಯ ಕಾಲವೂ ಅದೇ. ನೀವು ಒಪ್ಪಲಿಕ್ಕಿಲ್ಲ. ತಳ್ಳುಗಾಡಿಯ ಮೇಲೆ ಬ್ಯಾಟರಿ, ಆಂಪ್ಲಿಫೈಯರ್, ನಾಲ್ಕು ಭೋಂಗಾ. ನಡುವೆ ಸ್ಟೂಲಿನ ಮೇಲೆ ಬ್ಯಾಂಜೊದವ. ಈ ಬ್ಯಾಂಜೊ ಅಮೆರಿಕದ ಬ್ಯಾಂಜೊ ಅಲ್ಲವೇ ಅಲ್ಲ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಗೊರೊ ಮೊರಿತಾ ಎಂಬವರು ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿ ಕೂಡಿಸಿ ಮಾಡಿದ ತೈಶೊಗೊತೊ ಇಲ್ಲಿಗೆ ಬಂದು ಬುಲ್‌ಬುಲ್ ತರಂಗ್ ಆಯಿತು, ಮಹಾರಾಷ್ಟ್ರದ ಗಣಪತಿ ಮೆರವಣಿಗೆಗಳಲ್ಲಿ ಕರೆಂಟು ಹತ್ತಿಸಿಕೊಂಡು ಬ್ಯಾಂಜೊ ಆಯಿತು. 2016ರಲ್ಲಿ ರಿತೇಶ್ ದೇಶಮುಖ್‌ರನ್ನು ಹಾಕಿ ಅದರ ಮೇಲೆ ಸಿನಿಮಾನೇ ತೆಗೆದರು. ನಿಮ್ಮ ಬ್ಯಾಂಜೊದವ ಎಡಗೈಯಲ್ಲಿ ಗುಂಡಿ ಒತ್ತಿ, ಬಲಗೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಮಾಡಿದ ಚೂರಿನಿಂದ ತಂತಿ ಉಜ್ಜುತ್ತಿದ್ದ. ತಂತಿ ಹರಿದರೆ ನಿಲ್ಲಿಸುತ್ತಿರಲಿಲ್ಲ, ಉಳಿದವುಗಳ ಮೇಲೆ ಸಾಗಿಸುತ್ತಿದ್ದ. ಅವನ ಹಿಂದೆ ನೀವು, ಕಣ್ಣು ಮುಚ್ಚಿ, ಅದೇ ಹಾಡನ್ನು ಒಂದು ಪಾಲು ನಿಧಾನವಾಗಿ. ಮುಂದೆ ಸೈಡ್ ಡ್ರಮ್ಮಿನ ಹುಡುಗರು ಎರಡು ಪಾಲು ಜೋರಾಗಿ. ಮೂರೂ ಕೂಡಬಾರದಿತ್ತು, ಕೂಡುತ್ತಿದ್ದವು. ಸೈಕೊಬಿಲಿ ಅಂದರೆ ಇದಲ್ಲದೆ ಮತ್ತೇನು ಎಂದು ಅಕ್ಕನ ಮಗನಿಗೆ ಕೇಳಿದೆ. ಅವನು ಲಂಡನ್ನಿನವರ ಕೂದಲ ಬಗ್ಗೆ ಏನೋ ಹೇಳಿದ.

ಡಿಜೆ ಬಂದು ಬ್ಯಾಂಡು ಸತ್ತಿತು ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. 2005ರಲ್ಲಿ ಟಾಟಾ ಏಸ್, ಅದೇ ಛೋಟಾ ಹಾಥಿ, ಬಂದ ಮೇಲೆ ಒಂದು ಗಾಡಿಯಲ್ಲಿ ಜನರೇಟರ್, ಆಳೆತ್ತರದ ಬಾಕ್ಸು, ಲೈಟು ಎಲ್ಲ ಹಿಡಿಯಿತು. ಒಬ್ಬ ಡ್ರೈವರ್, ಒಬ್ಬ ಆಪರೇಟರ್. 2016ರಲ್ಲಿ ‘ಸೈರಾಟ್’ ಬಂತು. ಅದರ ಮೇಳದ ತುಣುಕುಗಳನ್ನು ಅಜಯ್-ಅತುಲ್ ಅಮೆರಿಕದಲ್ಲಿ ದೊಡ್ಡ ಆರ್ಕೆಸ್ಟ್ರಾ ಕೂಡಿಸಿ ರೆಕಾರ್ಡ್ ಮಾಡಿದ್ದರು. ಔರಾದದ ಗಲ್ಲಿಯಲ್ಲಿ ಆ ಸಿನಿಮಾದ ಹಾಡು ಬಾಕ್ಸಿನಿಂದ ಹೊರಟಾಗ ತಗಡಿನ ಬಾಗಿಲು ನಡುಗಿದವು, ನಿಮ್ಮ ಕ್ಲಾರಿನೆಟ್ ಅದರ ಮುಂದೆ ಏನು ಮಾಡೀತು? 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರ ಮೇಲೆ ಲೌಡ್‌ಸ್ಪೀಕರ್ ಹಚ್ಚಬಾರದು ಎಂದಿದೆ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ದಾಟಬಾರದು ಎಂದಿದೆ. ಲಗ್ನದ ಮನೆಯಲ್ಲಿ ಅದನ್ನು ಓದುವವರಾರು.

ಉಳಿದರ್ಧ ನಿಮಗೇ ಗೊತ್ತು, ನೀವು ಯಾರಿಗೂ ಹೇಳಲಿಲ್ಲ. ಡಿಜೆ ಬರುವ ಎಷ್ಟೋ ಮುಂಚೆಯೇ ಹುಡುಗರು ಬಿಡಲು ಶುರು ಮಾಡಿದ್ದರು. ರಾತ್ರಿಯೆಲ್ಲ ಊದಿ ಬಾರಿಸಿ, ಊಟಕ್ಕೆ ಕರೆಯುವ ಹೊತ್ತಿಗೆ ಪಂಗತಿ ಎಲ್ಲ ಮುಗಿದಿರುತ್ತಿತ್ತು. ಮಂಟಪದ ಹಿಂದೆ, ಪಾತ್ರೆ ತೊಳೆಯುವ ಕಡೆ, ಪತ್ರಾವಳಿ ಹಾಕುತ್ತಿದ್ದರು. ಒಂದು ಲಗ್ನದಲ್ಲಿ, ಊರು ಮನೆತನ ಯಾವುದೂ ಹೇಳುವುದಿಲ್ಲ, ನೀರು ಕೇಳಿದ ಸೈಡ್ ಡ್ರಮ್ಮಿನ ಹುಡುಗನಿಗೆ ಮೇಲಿನಿಂದ ಬೊಗಸೆಗೆ ಸುರಿದರು. ಅವನು ಕಾಲೇಜಿಗೆ ಹೋಗುತ್ತಿದ್ದ. ಕೋಟಿನ ಗುಂಡಿ ಬಿಚ್ಚಿ, ಮಡಚಿ, ಡ್ರಮ್ಮಿನ ಮೇಲಿಟ್ಟು, ನಡೆದುಕೊಂಡೇ ಹೋದ. ನೀವು ತಡೆಯಲಿಲ್ಲ. ಮರುದಿನ ಅವನ ಮನೆಗೆ ಹೋಗಿ ಆ ರಾತ್ರಿಯ ಪೂರ್ತಿ ಪಗಾರ ಕೊಟ್ಟು ಬಂದಿರಿ. ಇದನ್ನು ಹೇಳಿದವನು ಅವನೇ.

2023ರಲ್ಲಿ ಪದ್ಮಶ್ರೀ ಯಾದಿ ಬಂದಾಗ ಬೀದರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರ ಹೆಸರಿಗೆ ನಮ್ಮ ಜಿಲ್ಲೆಯೆಲ್ಲ ಹಿಗ್ಗಿತು. ಅದೇ ಯಾದಿಯಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರ ಹೆಸರೂ ಇತ್ತು. ಹಲಗಿಗೆ ದಿಲ್ಲಿಯಲ್ಲಿ ಮರ್ಯಾದೆ ಸಿಕ್ಕಿತು ಎಂದು ನಾನು ಖುಷಿಯಿಂದ ಪತ್ರಿಕೆ ಹಿಡಿದುಕೊಂಡು ನಿಮ್ಮ ಓಣಿಗೆ ಹೋದೆ. ಒಬ್ಬ ಅಜ್ಜ ಓದಿಸಿ ಕೇಳಿ, ‘ಛಲೋ ಆತು’ ಅಂದ. ಆಮೇಲೆ, ‘ನಮ್ಮ ಮೊಮ್ಮಗಂಗ ಕಲಸು ಅನಬ್ಯಾಡ್ರಿ ಮತ್ತ’ ಅಂದ. ನಿಮ್ಮ ಬ್ಯಾಂಡಿಗಂತೂ ಆ ಮರ್ಯಾದೆಯ ಬಾಗಿಲೂ ಸಣ್ಣದು. ಸಿನಿಮಾ ಹಾಡು ಊದುವವನನ್ನು ಜನಪದದವರು ತಮ್ಮವನೆನ್ನುವುದಿಲ್ಲ, ಶಾಸ್ತ್ರೀಯದವರು ಕೇಳುವುದೇ ಬೇಡ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿದ್ದದ್ದು ಸರಿಯಾಗಿ ಲಗ್ನಸರಾಯಿ ಬಾಗಿಲಲ್ಲಿ. ಮುಂದೆ ಲಗ್ನಕ್ಕೆ ಐವತ್ತು ಮಂದಿ ಎಂದು ಮಿತಿ ಹಾಕಿದರು. ಆ ಐವತ್ತರಲ್ಲಿ ಬ್ಯಾಂಡಿನವರನ್ನು ಯಾರು ಎಣಿಸುತ್ತಾರೆ? ಹಿಡಿದ ಇಸಾರುಗಳನ್ನೆಲ್ಲ ನೀವು ತಿರುಗಿ ಕೊಟ್ಟಿರಿ, ಸಾಲ ಮಾಡಿ ಕೊಟ್ಟಿರಿ ಎಂದು ಓಣಿಯವರು ಹೇಳುತ್ತಾರೆ. ಮರುವರ್ಷವೂ ಅದೇ ತಿಂಗಳುಗಳಲ್ಲಿ ಅದೇ ಹಾಡು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಬೋರ್ಡು ಇರಲಿಲ್ಲ, ನೀವೂ ಇರಲಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಬಿಟ್ಟುಹೋದವರನ್ನು ಒಬ್ಬೊಬ್ಬರನ್ನೇ ಹುಡುಕಿ ಮಾತಾಡಿಸಿದೆ. ಲಂಡನ್ನಿನವರ ಹಾಗೆ ಹೆಸರು, ಬಾಜಾ, ವರ್ಷ ಮೂರು ಸಾಲು ಎಳೆದ ಪುಸ್ತಕ ಕೈಯಲ್ಲಿತ್ತು. ಜವಾನನಾಗಿ ಸೇರಿದವನು ಈಗ ನಿವೃತ್ತ. ಚಹಾ ಕುಡಿಸಿದ, ಎಲ್ಲ ಹೇಳಿದ, ಟ್ರಂಪೆಟ್ಟಿನ ಬೆರಳಿನ ಲೆಕ್ಕ ಮೇಜಿನ ಮೇಲೆ ಬಾರಿಸಿ ತೋರಿಸಿದ. ಏಳುವಾಗ, ‘ನಂದು ಹೆಸರು ಹಾಕಬ್ಯಾಡ್ರಿ. ಸೊಸಿ ಮನಿಯವರಿಗಿ ಗೊತ್ತಿಲ್ಲ’ ಅಂದ. ಕಾಲೇಜಿನ ಹುಡುಗ ಈಗ ಬೇರೆ ಜಿಲ್ಲೆಯಲ್ಲಿ ಮೇಷ್ಟ್ರು. ಅವನೂ ಅದೇ ಮಾತು, ಸ್ವಲ್ಪ ಶುದ್ಧ ಕನ್ನಡದಲ್ಲಿ. ಖುಳಖುಳಾ ಆಡಿಸುತ್ತಿದ್ದ ಹುಡುಗ ಈಗ ಸ್ವಂತ ಡಿಜೆ ಗಾಡಿ ಇಟ್ಟಿದ್ದಾನೆ. ಅವನೊಬ್ಬ ಮಾತ್ರ ‘ಹಾಕ್ರಿ ಸರ್, ದೊಡ್ಡ ಅಕ್ಷರದಾಗ ಹಾಕ್ರಿ, ಮೊಬೈಲ್ ನಂಬರ್ ಸಹಿತ ಹಾಕ್ರಿ’ ಅಂದ. ಗ್ಯಾಸಬತ್ತಿ ಹೊರುತ್ತಿದ್ದ ಅಕ್ಕನೊಬ್ಬಳು ನಕ್ಕುಬಿಟ್ಟಳು. ನನ್ನ ಹೆಸರು ಎಲ್ಲಿ ಹಾಕಿದರೂ ಯಾರಿಗೆ ತಿಳಿಯುತ್ತದೆ, ಹಾಕಿಕೋ ಅಂದಳು.

ಹೀಗಾಗಿ ಅಕ್ಕನ ಮಗನಿಗೆ ಫೋನ್ ಮಾಡಿ, ನಮ್ಮದು ನಿಮ್ಮ ಮೀಟಿಯರ್ಸ್ ಹಾಗೆ ಆಗುವುದಿಲ್ಲಪ್ಪಾ ಎಂದೆ. ಅಲ್ಲಿ ಬ್ಯಾಂಡು ಬಿಟ್ಟವನು ಮುಂದಿನ ಬ್ಯಾಂಡಿನಲ್ಲಿ ‘ಒಂದು ಕಾಲಕ್ಕೆ ಮೀಟಿಯರ್ಸ್‌ನಲ್ಲಿದ್ದವನು’ ಎಂದೇ ಹೆಸರು ಮಾಡುತ್ತಾನೆ. ಇಲ್ಲಿ ಬಿಟ್ಟವನು ಬಿಟ್ಟದ್ದೇ ಗೆದ್ದದ್ದು. ನೀವು ಹಲಗಿ ಬಿಟ್ಟು ಕ್ಲಾರಿನೆಟ್ ಹಿಡಿದ ದಾರಿಯಲ್ಲೇ ಅವರು ಬ್ಯಾಂಡು ಬಿಟ್ಟು ಇನ್ನೊಂದಿಷ್ಟು ಮುಂದೆ ನಡೆದರು. ನಿಮ್ಮ ಬ್ಯಾಂಡು ಇಲ್ಲವಾಯಿತು ಎಂದು ಮರುಗುವ ಹಕ್ಕು ಮೆರವಣಿಗೆಯಲ್ಲಿ ಕುಣಿದ ನನ್ನಂಥವನಿಗೆ ಎಷ್ಟಿದೆಯೋ. ನನಗೆ ಆ ಬ್ಯಾಂಜೊ ಬೇಕು, ಆ ನಾಗಿನ್ ಬೇಕು. ಅವರಿಗೆ ಮಂಟಪದ ಹಿಂದಿನ ಆ ಪತ್ರಾವಳಿ ಬೇಡ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಲು ಕೂತಿದ್ದೇನೆ, ಅದಕ್ಕೇ ಹೆಸರಿನ ಸಾಲು ಖಾಲಿ ಬಿಟ್ಟು ಬಾಜಾದ ಸಾಲು ಮಾತ್ರ ತುಂಬುತ್ತಿದ್ದೇನೆ.

ಇಷ್ಟಕ್ಕೆ ನಿಮ್ಮಿಂದ ಕೆಲವು ಮಾತು ಬೇಕು. ಎರಡನೇ ಟ್ರಂಪೆಟ್ ಮೊದಲು ಯಾರ ಕೈಯಲ್ಲಿತ್ತು? ಒಬ್ಬರು ಠಾಣಾ ಕುಶನೂರಿನವನು ಅನ್ನುತ್ತಾರೆ, ಒಬ್ಬರು ಚಿಂತಾಕಿಯವನು ಅನ್ನುತ್ತಾರೆ. ಬಾಸಿನವನ ಮನೆಯವರು ಯಾರಾದರೂ ಸಂಪರ್ಕದಲ್ಲಿದ್ದಾರೆಯೇ? ಆ ಬಾಸು ಈಗಲೂ ನಿಮ್ಮ ಹಳೇ ಮನೆಯ ಗೋಡೆಯ ಮೇಲೇ ಇದೆ, ಮನೆ ಕೊಂಡವರು ತೂಕಕ್ಕೆ ಹಾಕುತ್ತೇವೆ ಅನ್ನುತ್ತಿದ್ದಾರೆ, ಅಮರೇಶ್ವರ ಜಾತ್ರೆಯ ತನಕ ತಡೆಯಿರಿ ಎಂದು ಹೇಳಿ ಬಂದಿದ್ದೇನೆ. ಹಣ ಕೊಟ್ಟು ಬಿಡಿಸಿಕೊಳ್ಳಲೇ, ಬಿಡಲೇ, ನೀವೇ ಹೇಳಬೇಕು. ಇನ್ನೊಂದು. ಯಾದಿಯ ಮೊದಲ ಸಾಲಿನಲ್ಲಿ ಕ್ಲಾರಿನೆಟ್ ಎಂದು ಬರೆದು ಅದರ ಎದುರಿನ ಜಾಗ ಹಾಗೇ ಇಟ್ಟಿದ್ದೇನೆ. ನಿಮ್ಮ ಮಗಳ ಮನೆಯವರಿಗೆ ಗೊತ್ತಿದೆಯೇ? ಹೆಸರು ಹಾಕಲೇ, ಬೇಡವೇ?

ಇತಿ ನಿಮ್ಮ ಪಾರ್ಟಿಯ ಮುಂದೆ ಕುಣಿದವರಲ್ಲಿ ಒಬ್ಬ,
ಔರಾದ